ಹೊರಗಿನ ಊಟ, ಒಳಗಿನ ಪಂಕ್ತಿ

ನಮ್ಮ ಹಿರಿಯರ ಬಾಯಲ್ಲಿ ‘ಹೋಟೆಲು’ ಎಂಬ ಮಾತಿಗೆ ಅಷ್ಟೇನೂ ಮರ್ಯಾದೆ ಇರಲಿಲ್ಲ. ಕಡೂರು ತಾಲ್ಲೂಕಿನ ಯಗಟಿಯಂಥ ಹೋಬಳಿಯ ಊರಿನಲ್ಲಿ ಮನೆಯಿದ್ದ ಯುವಕನೊಬ್ಬ ಬೆಳಗಿನ ಹೊತ್ತು ಹೋಟೆಲಿನ ಬೆಂಚಿನ ಮೇಲೆ ಕಾಣಿಸಿಕೊಂಡನೆಂದರೆ, ಮನೆಯಲ್ಲಿ ಏನೋ ಮನಸ್ತಾಪ ನಡೆದಿರಬೇಕೆಂದು ನೆರೆಹೊರೆಯವರು ಊಹಿಸುತ್ತಿದ್ದರು. ಮನೆಯ ಒಲೆ ಉರಿಯುತ್ತಿರುವಾಗ ದುಡ್ಡು ಕೊಟ್ಟು ಉಣ್ಣುವುದು ಗೃಹಿಣಿಗೆ ಮಾಡುವ ಅವಮಾನವೆಂದೇ ಭಾವನೆಯಿತ್ತು. ಹೆಣ್ಣುಮಕ್ಕಳಂತೂ ಹೋಟೆಲಿನ ಹೊಸ್ತಿಲು ತುಳಿಯುವ ಮಾತೇ ಇರಲಿಲ್ಲ. ಮುಂದೆ ಪಟ್ಟಣಗಳಲ್ಲಿ ‘ಫ್ಯಾಮಿಲಿ ರೂಮ್’ ಎಂಬ ಪರದೆ ಕಟ್ಟಿದ ಗೂಡುಗಳು ಬಂದ ಮೇಲೆಯೇ ಅವರಿಗೆ ಒಂದು ಮೂಲೆ ಸಿಕ್ಕಿತು.

ಇಂದಿನ ಸ್ಥಿತಿ ಬೇರೆ. ಮದುವೆಯ ಜವಳಿಗೆಂದು ದಾವಣಗೆರೆಗೆ ಹೋದ ಕುಟುಂಬ ಬೆಣ್ಣೆದೋಸೆ ತಿನ್ನದೆ ಹಿಂದಿರುಗುವುದಿಲ್ಲ. ಮಗನ ಕಾಲೇಜಿನ ಪ್ರವೇಶಕ್ಕೆಂದು ಬೆಂಗಳೂರಿಗೆ ಹೋದ ತಂದೆತಾಯಿ ಗಾಂಧಿಬಜಾರಿನ ದೋಸೆಯ ವಿಚಾರವನ್ನು ಊರಿಗೆ ಬಂದು ವಾರಗಟ್ಟಲೆ ಹೇಳುತ್ತಾರೆ. ಊರೂರಿನ ಹೋಟೆಲುಗಳ ರುಚಿಯನ್ನು ಬಲ್ಲವರು ನಮ್ಮಲ್ಲಿ ಈಗ ಬಹಳ ಮಂದಿ ಇದ್ದಾರೆ. ಆದರೆ ಆ ಹೋಟೆಲುಗಳ ಮೇಜು ನಮ್ಮ ನಡವಳಿಕೆಯಲ್ಲಿ ಉಂಟುಮಾಡಿದ ಬದಲಾವಣೆಯನ್ನು ಕುರಿತು ಕೂತು ಯೋಚಿಸಿದವರು ವಿರಳ. ಈ ತಿಂಗಳ ಅಂಕಣದಲ್ಲಿ ಆ ವಿಚಾರವನ್ನು ಬಂಧುಗಳ ಮುಂದಿಡುತ್ತಿದ್ದೇವೆ.

ಬುತ್ತಿಯ ಕಾಲ

ಯಗಟಿಯ ಸೀಮೆ ಬಯಲುಸೀಮೆ. ಬಾಬಾಬುಡನ್‌ಗಿರಿಯ ಮಳೆ ಬೆಟ್ಟದ ಆಚೆಗೇ ಸುರಿದು, ಈಚೆಗೆ ಬರುವಷ್ಟರಲ್ಲಿ ಬತ್ತಿಹೋಗುತ್ತದೆ. ರಾಗಿ, ತೆಂಗು, ಈರುಳ್ಳಿ ಇಲ್ಲಿನ ಬದುಕು. ಮುದ್ದೆ, ಹುರುಳಿಕಾಳಿನ ಸಾರು, ಮಜ್ಜಿಗೆ ಇಲ್ಲಿನ ನಿತ್ಯದ ಊಟ. ಇಡ್ಲಿ ದೋಸೆಗಳು ಹಬ್ಬಕ್ಕೋ ಅಳಿಯಂದಿರು ಬಂದಾಗಲೋ ಕಾಣಿಸಿಕೊಳ್ಳುತ್ತಿದ್ದ ಅಪರೂಪದ ಪದಾರ್ಥಗಳು. ಆದ್ದರಿಂದ ಇಂಥ ಊರುಗಳವರಿಗೆ ಹೋಟೆಲೆಂದರೆ ಮೊದಲಿಗೆ ನೆನಪಾಗುತ್ತಿದ್ದುದು ಅಕ್ಕಿ ಉದ್ದುಗಳ ಆ ಹಬ್ಬದ ರುಚಿಯೇ.

ಪ್ರಯಾಣ ಹೊರಟವರು ಬುತ್ತಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಒಣರೊಟ್ಟಿ, ಚಟ್ನಿಪುಡಿ, ಬಟ್ಟೆಯಲ್ಲಿ ಕಟ್ಟಿದ ಮೊಸರನ್ನ, ಜೊತೆಗೊಂದು ಹಿತ್ತಾಳೆಯ ತಂಬಿಗೆ. ಇಷ್ಟಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಹಿರಿಯರು ದಾರಿಯ ಕೆರೆಯೋ ಬಾವಿಯೋ ಸಿಕ್ಕಿದಲ್ಲಿ ಮಿಂದು, ಪೂಜೆ ಪೂರೈಸಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಹಾಗೆ ಬುತ್ತಿ ಕಟ್ಟುವುದಕ್ಕೆ ಶುಚಿ, ರುಚಿ, ಮಿತವ್ಯಯ ಎಂಬ ಒಳ್ಳೆಯ ಕಾರಣಗಳಿದ್ದವು. ಹೇಳಿಕೊಳ್ಳದ ಇನ್ನೊಂದು ಕಾರಣವೂ ಇತ್ತು: ಹೊರಗೆ ಅಟ್ಟವರು ಯಾರೋ, ಬಡಿಸಿದವರು ಯಾರೋ, ಪಕ್ಕದಲ್ಲಿ ಕೂತು ಉಂಡವರು ಯಾರೋ ಎಂಬ ಅಳುಕು.

ಆ ಅಳುಕು ಒಂದು ಜಾತಿಯದಲ್ಲ, ಇಡೀ ನಾಡಿನದು. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ಕುಡಿಯುವ ನೀರು ಕೂಡ ಹಿಂದೂ ನೀರು, ಮುಸಲ್ಮಾನ ನೀರು ಎಂದು ಬೇರೆ ಬೇರೆಯಾಗಿತ್ತು. ಉಪಾಹಾರಗೃಹಗಳ ಹೆಸರಿನಲ್ಲಿಯೇ ಜಾತಿ ಸೇರಿಕೊಂಡಿತ್ತು. ಇಂದು ಜಗತ್ತಿಗೇ ಹೆಸರಾದ ಬೆಂಗಳೂರಿನ ಎಂ.ಟಿ.ಆರ್. ಹೋಟೆಲು ೧೯೨೪ರಲ್ಲಿ ಆರಂಭವಾದದ್ದು ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂಬ ಹೆಸರಿನಲ್ಲಿ. ಉತ್ತರದ ಕಡೆಗೆ ನಮ್ಮವರದೇ ‘ಲಿಂಗಾಯತ ಖಾನಾವಳಿ’, ‘ವೀರಶೈವ ಖಾನಾವಳಿ’ ಎಂಬ ಫಲಕಗಳಿದ್ದವು. ಅಪರಿಚಿತ ಊರಿಗೆ ಬಂದ ಪ್ರಯಾಣಿಕನಿಗೆ ‘ಇಲ್ಲಿ ನಿನ್ನ ಆಚಾರಕ್ಕೆ ಭಂಗವಿಲ್ಲ’ ಎಂಬ ಅಭಯವನ್ನು ಆ ಫಲಕಗಳು ಕೊಡುತ್ತಿದ್ದವು. ಅದೇ ಫಲಕ ಇನ್ನೊಬ್ಬನಿಗೆ ‘ಇದು ನಿನ್ನ ಜಾಗವಲ್ಲ’ ಎಂದೂ ಹೇಳುತ್ತಿತ್ತೆಂಬುದನ್ನು ಮರೆಯುವಂತಿಲ್ಲ.

ತೆಂಕಣ ದಾರಿಯ ಹೋಟೆಲುಗಳು

ಯಗಟಿಯವರು ಕಡೂರಿಗೆ ಬಂದರೆ ಮುಂದೆ ಎರಡು ದಿಕ್ಕು ತೆರೆದುಕೊಳ್ಳುತ್ತವೆ. ತೆಂಕಣಕ್ಕೆ ಅರಸೀಕೆರೆ, ತಿಪಟೂರು, ತುಮಕೂರುಗಳ ಮೇಲೆ ಬೆಂಗಳೂರು. ಬಡಗಣಕ್ಕೆ ಬೀರೂರು ದಾಟಿ ದಾವಣಗೆರೆ, ಹುಬ್ಬಳ್ಳಿ. ಮೊದಲು ತೆಂಕಣ ದಾರಿಯನ್ನೇ ಹಿಡಿಯೋಣ.

ತೆಂಗಿನ ಬೆಳೆಗಾರನಿಗೆ ತಿಪಟೂರು ಪರಿಚಿತ ಊರು. ಕೊಬ್ಬರಿಯ ಚೀಲಗಳನ್ನು ಮಾರುಕಟ್ಟೆಗೆ ಹಾಕಿ, ಬೆಲೆ ನಿಗದಿಯಾಗುವವರೆಗೆ ಕಾಯುವ ಹೊತ್ತಿನಲ್ಲಿ ಹೋಟೆಲಿನ ಬೆಂಚೇ ಆತನ ಚಾವಡಿ. ಅಲ್ಲಿ ಪಕ್ಕದಲ್ಲಿ ಕುಳಿತವನು ಹಮಾಲಿಯೋ, ದಲ್ಲಾಳಿಯೋ, ಲಾರಿಯ ಚಾಲಕನೋ ಎಂದು ಕೇಳುವವರಿಲ್ಲ. ಕಾಫಿ ಎಲ್ಲರಿಗೂ ಒಂದೇ ಪಾತ್ರೆಯಿಂದ ಬರುತ್ತದೆ.

ಅಲ್ಲಿಂದ ಮುಂದೆ ತುಮಕೂರನ್ನು ದಾಟುತ್ತಲೇ ಕ್ಯಾತ್ಸಂದ್ರ. ಇಲ್ಲಿ ಒಂದೇ ಊರಿನಲ್ಲಿ ಎರಡು ಬಗೆಯ ಅನ್ನದ ಮನೆಗಳಿವೆ. ರಸ್ತೆಯ ಬದಿಯಲ್ಲಿ ತಟ್ಟೆ ಇಡ್ಲಿಯ ಹೋಟೆಲುಗಳು. ತಟ್ಟೆಯಗಲದ ಮೆತ್ತನೆಯ ಇಡ್ಲಿಯ ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಅಲ್ಲಿಂದ ಕೂಗಳತೆಯಷ್ಟು ದೂರದಲ್ಲಿ ಸಿದ್ಧಗಂಗಾ ಮಠ. ಅಟವೀ ಶಿವಯೋಗಿಗಳು ಹೊತ್ತಿಸಿದ ಒಲೆ ಅಲ್ಲಿ ಇಂದಿಗೂ ಆರಿಲ್ಲವೆಂಬುದು ಭಕ್ತರ ನಂಬಿಕೆ. ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ಬೆಳೆಸಿದ ಆ ದಾಸೋಹದಲ್ಲಿ ಎಲ್ಲ ಜಾತಿ ಮತಗಳ ಸಾವಿರಾರು ವಿದ್ಯಾರ್ಥಿಗಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಒಂದು ಕಡೆ ಕಾಸು ಕೊಟ್ಟು ಉಣ್ಣುವ ಮನೆ, ಇನ್ನೊಂದು ಕಡೆ ಕಾಸಿಲ್ಲದೆ ಉಣ್ಣುವ ಮನೆ. ಎರಡಕ್ಕೂ ಸಮಾನವಾದ ಒಂದು ಗುಣವುಂಟು: ಎರಡು ಕಡೆಯೂ ಬಂದವನನ್ನು ‘ನೀನಾರವನು’ ಎಂದು ಕೇಳಿ ಕೂರಿಸುವುದಿಲ್ಲ. ಮಠ ಅದನ್ನು ಧರ್ಮದಿಂದ ಮಾಡಿತು, ಹೋಟೆಲು ವ್ಯಾಪಾರದಿಂದ ಮಾಡಿತು. ಫಲ ಮಾತ್ರ ಒಂದೇ.

ಬೆಂಗಳೂರಿನ ಹೋಟೆಲುಗಳ ಕಥೆ ಈ ಬದಲಾವಣೆಯನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಉಡುಪಿ ಸೀಮೆಯ ಪರಂಪಳ್ಳಿಯಿಂದ ಬಂದ ಮಯ್ಯ ಸಹೋದರರ ಮೇಲೆ ಹೇಳಿದ ಕಾಫಿ ಕ್ಲಬ್ ೧೯೬೦ರಲ್ಲಿ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದು ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದಾಯಿತು. ಹಳೆಯ ಹೆಸರಿನ ಜಾತಿ ಹೋಗಿ ಬಡಾವಣೆಯ ಹೆಸರು ಬಂತು. ಅದಕ್ಕೂ ಮೊದಲು, ೧೯೫೧ರಲ್ಲಿ, ಯಜ್ಞನಾರಾಯಣ ಮಯ್ಯರು ಯುರೋಪಿನಲ್ಲಿ ಸಂಚರಿಸಿ ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನು ಕಂಡು ಬಂದರು. ಬಳಿಕ ಪಾತ್ರೆಗಳನ್ನು ಕುದಿಯುವ ಶಾಖದಲ್ಲಿ ತೊಳೆಯುವ ಕ್ರಮ, ಗಿರಾಕಿಗಳು ಅಡಿಗೆಯ ಮನೆಯನ್ನು ಕಣ್ಣಾರೆ ನೋಡುವ ಅವಕಾಶ ಅವರ ಹೋಟೆಲಿನ ಹೆಗ್ಗುರುತುಗಳಾದವು. ಇದು ಸಣ್ಣ ಸಂಗತಿಯಲ್ಲ. ‘ಅಟ್ಟವನ ಜಾತಿ ಯಾವುದು’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಅಟ್ಟವನ ಕೈ ಶುಚಿಯಾಗಿದೆಯೇ’ ಎಂಬ ಪ್ರಶ್ನೆ ಬಂದು ಕುಳಿತಿತು. ಮಡಿ ಹೋಗಿ ನೈರ್ಮಲ್ಯ ಬಂದದ್ದು ಹೀಗೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಇದೇ ಹೋಟೆಲಿನಲ್ಲಿ ರವೆ ಇಡ್ಲಿ ಹುಟ್ಟಿತು. ಅಭಾವವೇ ಹೊಸ ಅಡಿಗೆಗೆ ತಾಯಾಯಿತು. ತುರ್ತುಪರಿಸ್ಥಿತಿಯ ದಿನಗಳಲ್ಲಿ ತಿಂಡಿಯ ಬೆಲೆಗಳನ್ನು ಸರಕಾರ ಕಟ್ಟಿಹಾಕಿದಾಗ ಇವರು ಸಿದ್ಧಪುಡಿಗಳ ವ್ಯಾಪಾರಕ್ಕೆ ಇಳಿದರು. ಇಂದು ನಮ್ಮ ಹಳ್ಳಿಗಳ ಕಿರಾಣಿ ಅಂಗಡಿಯಲ್ಲಿಯೂ ಸಿಗುವ ಗುಲಾಬ್ ಜಾಮೂನಿನ ಪೊಟ್ಟಣಗಳ ಹಿಂದೆ ಅಂಥ ಒಂದು ಕಷ್ಟಕಾಲವಿದೆ.

ಬಸವನಗುಡಿಯ ಗಾಂಧಿಬಜಾರಿನ ವಿದ್ಯಾರ್ಥಿ ಭವನ ೧೯೪೩ರಲ್ಲಿ ಆರಂಭವಾಯಿತು. ಹೆಸರೇ ಹೇಳುವಂತೆ ಸುತ್ತಲಿನ ಶಾಲಾಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಹೋಟೆಲದು. ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು ಬರುವ ಬಡಿಸುವವರನ್ನು ನೋಡುವುದೇ ಒಂದು ಸೊಗಸು. ರಜೆಯ ದಿನ ಹೋದರೆ ಹೊರಗೆ ಕಾಯಬೇಕು. ಜಾಗ ಸಿಕ್ಕಿದಾಗ ಅಪರಿಚಿತರೊಡನೆ ಒಂದೇ ಮೇಜನ್ನು ಹಂಚಿಕೊಳ್ಳಬೇಕು. ಮೈಸೂರಿನ ನಜರ್‌ಬಾದಿನಲ್ಲಿ ೧೯೩೮ರಿಂದ ನಡೆದು ಬಂದಿರುವ ಮೈಲಾರಿ ಹೋಟೆಲಿನ ಇಕ್ಕಟ್ಟಾದ ಕೋಣೆಯಲ್ಲಿಯೂ ಹಾಗೆಯೇ. ಬೆಣ್ಣೆಯಂಥ ಮೆದು ದೋಸೆಗಾಗಿ ಅಧಿಕಾರಿಯೂ ಆಟೋ ಓಡಿಸುವವನೂ ಮೊಣಕೈಗೆ ಮೊಣಕೈ ತಗುಲಿಸಿಕೊಂಡು ಕೂರುತ್ತಾರೆ. ನೂರು ಭಾಷಣಗಳಿಂದ ಆಗದ ಸಹಪಂಕ್ತಿ ಒಂದು ದೋಸೆಯ ಕಾವಲಿಯಿಂದ ಆಯಿತೆಂದರೆ ಅತಿಶಯೋಕ್ತಿಯಾಗಲಾರದು.

೧೯೮೩ರಲ್ಲಿ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆದ ಮೇಲೆ ನಿಂತು ತಿನ್ನುವ ಪದ್ಧತಿ ನಗರವನ್ನೆಲ್ಲ ವ್ಯಾಪಿಸಿತು. ಮೊದಲೇ ಹಣ ಕೊಟ್ಟು ಚೀಟಿ ಪಡೆದು, ತಾನೇ ತಟ್ಟೆ ಹಿಡಿದು, ಎತ್ತರದ ಮೇಜಿನ ಬಳಿ ನಿಂತು ತಿಂದು ಹೊರಡುವುದು. ದರ ಕಡಿಮೆ, ಅಡಿಗೆ ಕಣ್ಣೆದುರೇ. ಕೂರುವ ಜಾಗವೇ ಇಲ್ಲದಲ್ಲಿ ಮೇಲಿನ ಜಾಗ ಕೆಳಗಿನ ಜಾಗ ಎಂಬುದೂ ಇಲ್ಲ. ನಿಂತು ಉಣ್ಣುವುದು ನಮ್ಮ ಹಿರಿಯರಿಗೆ ಹಿಡಿಸದ ಮಾತು. ವಯಸ್ಸಾದವರಿಗೂ ಕಂಕುಳಲ್ಲಿ ಮಗುವಿರುವ ತಾಯಂದಿರಿಗೂ ಅದು ಕಷ್ಟವೇ. ಆದರೂ ಬಡ ಉದ್ಯೋಗಿಗೆ ಶುಚಿಯಾದ ಬಿಸಿ ತಿಂಡಿಯನ್ನು ಒದಗಿಸಿದ ಉಪಕಾರವನ್ನು ಅಲ್ಲಗಳೆಯಲಾಗದು.

ಬಡಗಣ ದಾರಿಯ ಖಾನಾವಳಿಗಳು

ಇನ್ನು ಕಡೂರಿನಿಂದ ಬಡಗಣಕ್ಕೆ ಹೊರಡೋಣ. ಬೀರೂರು ದಾಟಿದ ಮೇಲೆ ಮುದ್ದೆಯ ನಾಡು ಮೆಲ್ಲನೆ ರೊಟ್ಟಿಯ ನಾಡಾಗುತ್ತ ಹೋಗುತ್ತದೆ. ನಡುವೆ ಸಿಗುವುದು ದಾವಣಗೆರೆ. ಬೆಳಗಾವಿ ಸೀಮೆಯ ಬಿಡಕಿ ಎಂಬ ಊರಿನಿಂದ ಚೆನ್ನಮ್ಮ ಎಂಬ ತಾಯಿ ೧೯೨೮ರಲ್ಲಿ ಮಕ್ಕಳೊಡನೆ ಈ ಊರಿಗೆ ಬಂದು, ನಾಟಕದ ಥಿಯೇಟರಿನ ಬಳಿ ದೋಸೆ ಹುಯ್ದು ಮಾರತೊಡಗಿದರೆಂದೂ, ಮೊದಲು ರಾಗಿಯದಾಗಿದ್ದ ಆ ದೋಸೆ ಅವರ ಮಕ್ಕಳ ಕಾಲದಲ್ಲಿ ಅಕ್ಕಿಯದಾಗಿ ಬೆಣ್ಣೆಯನ್ನು ಕೂಡಿಕೊಂಡಿತೆಂದೂ ಆ ಊರಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಇಂದು ನಾಡಿನ ಯಾವ ಪೇಟೆಗೆ ಹೋದರೂ ‘ದಾವಣಗೆರೆ ಬೆಣ್ಣೆದೋಸೆ’ ಎಂಬ ಫಲಕವುಂಟು. ಸೌದೆಯ ಉರಿ, ದಪ್ಪ ಕಾವಲಿ, ಹಿಟ್ಟಿನಲ್ಲಿ ಒಂದಿಷ್ಟು ಮಂಡಕ್ಕಿ, ಮೇಲೆ ಧಾರಾಳವಾಗಿ ಬೆಣ್ಣೆ, ಪಕ್ಕದಲ್ಲಿ ಬಿಳಿಯ ಆಲೂಗಡ್ಡೆ ಪಲ್ಯ, ಕಾಯಿಚಟ್ನಿ. ನಾವು ಇಲ್ಲಿ ನೆನೆಯಬೇಕಾದದ್ದು ರುಚಿಗಿಂತ ಹೆಚ್ಚಾಗಿ ಆ ತಾಯಿಯ ಕಾಯಕವನ್ನು. ಹೆಣ್ಣುಮಕ್ಕಳು ಹೋಟೆಲಿನೊಳಗೆ ಕಾಲಿಡುವುದೇ ತಪ್ಪೆಂದು ತಿಳಿದಿದ್ದ ಕಾಲದಲ್ಲಿ, ಬೀದಿಯ ಬದಿಯ ಒಲೆಯನ್ನೇ ನೆಚ್ಚಿ ಒಬ್ಬ ಹೆಣ್ಣುಮಗಳು ಸಂಸಾರವನ್ನು ನಡೆಸಿದ್ದಳು.

ಹುಬ್ಬಳ್ಳಿ ಧಾರವಾಡಗಳಿಗೆ ಬಂದರೆ ಹೋಟೆಲೆಂಬ ಮಾತಿನ ಬದಲು ‘ಖಾನಾವಳಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಮರಾಠಿ ಸೀಮೆಯ ಕಡೆಯಿಂದ ಬಂದ ಈ ಪದ ಊಟದ ಮನೆಗಷ್ಟೇ ಸಲ್ಲುತ್ತದೆ. ಕಾಫಿ ತಿಂಡಿಗಳ ಗೊಡವೆ ಅದಕ್ಕಿಲ್ಲ. ಬಿಸಿ ಜೋಳದ ರೊಟ್ಟಿ, ಬೇಕೆಂದವರಿಗೆ ಕಟಿರೊಟ್ಟಿ, ಎಣ್ಣೆಗಾಯಿ, ಝುಣಕ, ಕಾಳುಪಲ್ಯ, ಶೇಂಗಾಚಟ್ನಿ, ಗುರೆಳ್ಳುಚಟ್ನಿ, ಮೊಸರು, ಹಸಿ ಈರುಳ್ಳಿ, ಮೆಂತ್ಯದ ಸೊಪ್ಪು. ಕೊನೆಗೆ ಅನ್ನ, ಸಾರು. ಧಾರವಾಡದ ಬಸಪ್ಪ ಖಾನಾವಳಿಯಂಥ ಹಳೆಯ ಮನೆಗಳ ಹೆಸರು ದೂರದೂರಿಗೂ ತಿಳಿದಿದೆ. ಕರ್ನಾಟಕ ಕಾಲೇಜು, ಅನಂತರ ವಿಶ್ವವಿದ್ಯಾಲಯ ಬಂದ ಮೇಲೆ ಹಳ್ಳಿಗಳಿಂದ ಓದಲು ಬಂದ ಮಕ್ಕಳಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕಿದವು ಇಂಥ ಖಾನಾವಳಿಗಳೇ. ಅದೂ ಕೊಡಲಾರದ ಮಕ್ಕಳಿಗೆ ಮಠಗಳ ಪ್ರಸಾದನಿಲಯಗಳಿದ್ದವು. ಕೊಡಬಲ್ಲವನಿಗೆ ಖಾನಾವಳಿ, ಕೊಡಲಾರದವನಿಗೆ ಪ್ರಸಾದನಿಲಯ ಎಂಬ ಈ ಜೋಡಿ ಏರ್ಪಾಟಿಲ್ಲದಿದ್ದರೆ ಉತ್ತರ ಕರ್ನಾಟಕದ ಎಷ್ಟೋ ವೈದ್ಯರು, ವಕೀಲರು, ಶಿಕ್ಷಕರು ಹೊಲದ ಬದುವಿನಲ್ಲಿಯೇ ಉಳಿದುಬಿಡುತ್ತಿದ್ದರು.

ಈಗ ಆ ಖಾನಾವಳಿಗಳ ಫಲಕದ ಅರ್ಥ ಬದಲಾಗಿದೆ. ‘ಲಿಂಗಾಯತ ಖಾನಾವಳಿ’ ಎಂದರೆ ಮಾಂಸವಿಲ್ಲದ, ರೊಟ್ಟಿಯ ಊಟ ಸಿಗುವ ಮನೆ ಎಂದಷ್ಟೇ ಜನ ತಿಳಿಯುತ್ತಾರೆ. ಎಲ್ಲ ಸಮುದಾಯಗಳವರೂ ಅಲ್ಲಿ ಬಂದು ತೃಪ್ತಿಯಿಂದ ಉಣ್ಣುತ್ತಾರೆ. ಹಿಂದೆ ಬೇಲಿಯಾಗಿದ್ದ ಹೆಸರು ಇಂದು ರುಚಿಯ ಹೆಸರಾಗಿರುವುದು ಸಂತೋಷಪಡತಕ್ಕ ಸಂಗತಿ.

ಗಡಿ ದಾಟಿ ಸೊಲ್ಲಾಪುರಕ್ಕೆ ಹೋದರೂ ನಮ್ಮ ಊಟ ತಪ್ಪುವುದಿಲ್ಲ. ಶಿವಯೋಗಿ ಸಿದ್ಧರಾಮೇಶ್ವರರ ಆ ಊರಿನಲ್ಲಿ ಕನ್ನಡವೂ ಮರಾಠಿಯೂ ಒಂದೇ ಮನೆಯ ಅಕ್ಕತಂಗಿಯರಂತೆ ಬಾಳುತ್ತಿವೆ. ಜೋಳದ ರೊಟ್ಟಿಯನ್ನು ಭಾಕರಿ ಎಂದು ಕರೆದರೂ ಬಾಯಿಗೆ ರುಚಿ ಅದೇ. ಅಲ್ಲಿನ ಶೇಂಗಾಚಟ್ನಿಯ ಪೊಟ್ಟಣವಿಲ್ಲದೆ ಸಂಕ್ರಾಂತಿಯ ಜಾತ್ರೆಯಿಂದ ಹಿಂದಿರುಗುವವರು ಕಡಿಮೆ.

ಮುಂಬಯಿಯಲ್ಲಿ ಕನ್ನಡಿಗರ ಹೋಟೆಲುಗಳದೇ ಒಂದು ಸಾಮ್ರಾಜ್ಯ. ಮಾಟುಂಗಾದ ರೈಲು ನಿಲ್ದಾಣದ ಬಳಿ ೧೯೪೨ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟಕ್ಕೆ ಗುಜರಾತಿಯೂ, ತಮಿಳನೂ, ಮರಾಠಿಯವನೂ ಸಾಲು ನಿಲ್ಲುತ್ತಾರೆ. ಆ ಮಹಾನಗರದ ಹೋಟೆಲುಗಳಲ್ಲಿ ಹಗಲೆಲ್ಲ ಮೇಜು ಒರೆಸಿದ ಕರಾವಳಿಯ ಹುಡುಗರು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ಉದ್ಯೋಗ ಹಿಡಿದರು. ಕೆಲವರು ತಾವೇ ಹೋಟೆಲುಗಳ ಒಡೆಯರಾದರು. ನಾವು ಉಂಡು ಎದ್ದ ಮೇಜನ್ನು ಒರೆಸುವ ಕೈಯನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಪರದೇಶದಲ್ಲಿ ಓದು, ಉದ್ಯೋಗಗಳಿಗಾಗಿ ನೆಲೆಸಿದ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳೂ ಈಗ ನಮ್ಮಲ್ಲಿ ಇದ್ದಾರೆ. ಎಂ.ಟಿ.ಆರ್. ೨೦೧೩ರಲ್ಲಿ ಸಿಂಗಪುರದಲ್ಲಿಯೂ ಶಾಖೆ ತೆರೆದಿರುವುದರಿಂದ ಅಂಥ ಕಡೆ ಚಿಂತೆಯಿಲ್ಲ. ಬೇರೆ ಕಡೆ ವಿಚಾರಿಸಿ ಉಣ್ಣುವುದು ಒಳ್ಳೆಯದು. ಥಾಯ್ ಅಡಿಗೆಯ ತರಕಾರಿಯ ಪದಾರ್ಥಗಳಲ್ಲಿ ಮೀನಿನ ರಸ ಇರುವುದುಂಟು. ಮೆಕ್ಸಿಕೋ ಪದ್ಧತಿಯ ಹುರುಳಿಯ ಅಡಿಗೆಗೆ ಹಂದಿಯ ಕೊಬ್ಬು ಹಾಕುವುದುಂಟು. ಮಕ್ಕಳು ಕೇಳುವ ಎಷ್ಟೋ ಮಿಠಾಯಿಗಳಲ್ಲಿ ಪ್ರಾಣಿಜನ್ಯವಾದ ಜೆಲಟಿನ್ ಇರುತ್ತದೆ. ನಮ್ಮ ದೇಶದಲ್ಲಿ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆಯ ಗುರುತು ಕಡ್ಡಾಯವಾಗಿರುವಂತೆ ಎಲ್ಲ ದೇಶಗಳಲ್ಲಿಯೂ ಇಲ್ಲ. ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ಪಕ್ಕದ ಮೇಜಿನವರ ತಟ್ಟೆಯನ್ನು ನೋಡಿ ಮುಖ ಸಿಂಡರಿಸುವುದೂ ಬೇಡ. ನಮ್ಮ ಆಹಾರನಿಯಮ ನಮ್ಮ ನಾಲಗೆಗೆ, ಪರರ ತಟ್ಟೆಗಲ್ಲ.

ಫಲಕಗಳನ್ನು ಇಳಿಸಿದ ಕಾನೂನು

ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆದದ್ದು ವ್ಯಾಪಾರದ ಬುದ್ಧಿಯೊಂದರಿಂದಲೇ ಅಲ್ಲ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೧೫ನೆಯ ವಿಧಿಯು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳಿಗೆ ಜಾತಿಯ ಕಾರಣದಿಂದ ಯಾರಿಗೂ ಪ್ರವೇಶವನ್ನು ನಿರಾಕರಿಸಬಾರದೆಂದಿತು. ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು. ೧೯೫೫ರಲ್ಲಿ ಅಸ್ಪೃಶ್ಯತೆಯ ಅಪರಾಧಗಳನ್ನು ಕುರಿತ ಅಧಿನಿಯಮ ಬಂದಿತು. ೧೯೭೬ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂಬ ಹೆಸರಾಯಿತು. ಹೋಟೆಲಿನಲ್ಲಿಟ್ಟ ಪಾತ್ರೆ, ಲೋಟಗಳನ್ನು ಅಸ್ಪೃಶ್ಯತೆಯ ಕಾರಣದಿಂದ ಒಬ್ಬನಿಗೆ ನಿರಾಕರಿಸುವುದೂ ಅದರ ಪ್ರಕಾರ ಶಿಕ್ಷಾರ್ಹ ಅಪರಾಧ. ಹಳ್ಳಿಯ ಚಹದ ಅಂಗಡಿಗಳಲ್ಲಿ ಗೋಡೆಯ ಹೊರಗೆ ಬೇರೆ ಲೋಟ ಇಡುತ್ತಿದ್ದ ಕೆಟ್ಟ ಪದ್ಧತಿಯನ್ನು ಬಲ್ಲವರಿಗೆ ಈ ಮಾತಿನ ಬೆಲೆ ಗೊತ್ತು. ಮದರಾಸಿನ ಮುರಳಿ ಕೆಫೆಯೊಂದರ ಫಲಕದಲ್ಲಿದ್ದ ಜಾತಿಯ ಹೆಸರನ್ನು ತೆಗೆಸಲು ೧೯೫೭ರಲ್ಲಿ ಪೆರಿಯಾರ್ ರಾಮಸ್ವಾಮಿಯವರ ಅನುಯಾಯಿಗಳು ತಿಂಗಳುಗಟ್ಟಲೆ ಸತ್ಯಾಗ್ರಹ ನಡೆಸಬೇಕಾಯಿತು. ಇಂದು ನಾವು ಸಲೀಸಾಗಿ ಎಳೆದುಕೊಂಡು ಕೂರುವ ಕುರ್ಚಿಯ ಹಿಂದೆ ಇಷ್ಟೆಲ್ಲ ಹೋರಾಟವಿದೆ.

ಇದೆಲ್ಲ ನಮಗೆ ಹೊಸದಾಗಿ ಯಾರೋ ಕಲಿಸಬೇಕಾದ ಪಾಠವೇ ಎಂದು ಬಂಧುಗಳು ಕೇಳಬಹುದು. ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಕೀಳೆನಿಸಿಕೊಂಡಿದ್ದ ಕುಲದ ನಾಗಿದೇವನ ಮನೆಗೆ ಹೋಗಿ ಪ್ರಸಾದ ಸ್ವೀಕರಿಸಿದ ಪ್ರಸಂಗ ನಮ್ಮ ಶರಣಚರಿತ್ರೆಗಳಲ್ಲಿ ಬಂದಿದೆ. ಅದಕ್ಕಾಗಿ ಬಿಜ್ಜಳನ ಬಳಿಗೆ ದೂರು ಹೋದದ್ದೂ ಬಂದಿದೆ. ಹಾಗಿರುವಾಗ ಎಂಟು ಶತಮಾನಗಳ ಬಳಿಕ ಅದನ್ನೇ ಹೋಟೆಲಿನ ಮೇಜು ನಮಗೆ ಮತ್ತೆ ಕಲಿಸಬೇಕಾಗಿ ಬಂದದ್ದು ಹೆಮ್ಮೆಪಡುವ ವಿಷಯವಲ್ಲ.

ಮನೆಯ ಜಗಲಿಯ ಪ್ರಶ್ನೆ

ಈಗ ಮುಖ್ಯವಾದ ಮಾತಿಗೆ ಬರೋಣ. ಬೆಂಗಳೂರಿನಲ್ಲಿಯೋ ದಾವಣಗೆರೆಯಲ್ಲಿಯೋ ನಾವು ಹೋಟೆಲಿಗೆ ಹೋದಾಗ ದೋಸೆ ಹುಯ್ದವನ ಕುಲವನ್ನು ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತವನ ಊರನ್ನೂ ಕೇಳುವುದಿಲ್ಲ. ನಮಗಿಂತ ಮೊದಲು ಆ ತಟ್ಟೆಯಲ್ಲಿ ಯಾರು ತಿಂದರೆಂಬ ಯೋಚನೆ ಕನಸಿನಲ್ಲಿಯೂ ಬರುವುದಿಲ್ಲ. ಅದೇ ನಾವು ಊರಿಗೆ ಹಿಂದಿರುಗಿದ ಮೇಲೆ ಹೇಗಿರುತ್ತೇವೆ?

ತೆಂಗಿನ ಸೀಮೆಯ ಮನೆಗಳಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸುಲಿದು, ಒಡೆದು ಕೊಬ್ಬರಿ ತೆಗೆಯಲು ಆಳುಗಳು ಬರುತ್ತಾರೆ. ಈರುಳ್ಳಿ ಕೀಳಲು ಬರುತ್ತಾರೆ, ರಾಗಿ ಕೊಯ್ಲಿಗೆ ಬರುತ್ತಾರೆ. ಮಧ್ಯಾಹ್ನ ಅವರಿಗೆ ಊಟ ಹಾಕುವ ಜಾಗ ಯಾವುದು? ಜಗಲಿಯ ಮೂಲೆಯೇ, ಹಿತ್ತಲೇ, ದನದ ಕೊಟ್ಟಿಗೆಯ ಪಕ್ಕವೇ? ಅವರ ತಟ್ಟೆ ಅಡಿಗೆಮನೆಯ ಗೂಡಿನಲ್ಲಿ ಉಳಿದ ತಟ್ಟೆಗಳೊಡನೆ ಇರುತ್ತದೆಯೇ, ಹೊರಗಿನ ಗೋಡೆಯ ಸಂದಿಯಲ್ಲಿ ಇರುತ್ತದೆಯೇ? ಎಲ್ಲ ಮನೆಗಳಲ್ಲಿಯೂ ಹೀಗಿದೆ ಎಂದು ಹೇಳುವುದಿಲ್ಲ. ಬೇಧವೆಣಿಸದೆ ಒಳಗೆ ಕರೆದು ಒಂದೇ ಸಾಲಿನಲ್ಲಿ ಬಡಿಸುವ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರ ಪಾದಗಳಿಗೆ ಶರಣು. ಆದರೆ ಉಳಿದ ಮನೆಗಳೂ ಇವೆ. ಮಾವಳ್ಳಿಯಲ್ಲಿ ಯಾರೊಡನೆ ಬೇಕಾದರೂ ಕುಳಿತು ಉಂಡವರು ತಮ್ಮ ಜಗಲಿಯ ಮೇಲೆ ಗೆರೆ ಎಳೆದರೆ, ಅವರು ಪಾಲಿಸುತ್ತಿರುವುದು ಆಚಾರವನ್ನಲ್ಲ. ಕಾಸಿಗೆ ಒಂದು ನೀತಿ, ಕರುಳಿಗೆ ಒಂದು ನೀತಿ ಎಂಬ ಅನುಕೂಲವನ್ನು.

ಯಾತ್ರೆಗೆ ಹೋಗುವಾಗ ಬಾಡಿಗೆಯ ಕಾರಿನ ಚಾಲಕನ ವಿಷಯವೂ ಇಂಥದ್ದೇ. ಶ್ರೀಶೈಲಕ್ಕೋ ಕೂಡಲಸಂಗಮಕ್ಕೋ ನಮ್ಮನ್ನೆಲ್ಲ ಸುರಕ್ಷಿತವಾಗಿ ಕರೆದೊಯ್ಯುವ ಆತನ ಕೈಗೆ ಒಂದು ನೋಟು ಕೊಟ್ಟು ‘ನೀನೆಲ್ಲಾದರೂ ತಿಂದುಕೊಂಡು ಬಾರಪ್ಪ’ ಎಂದು ಕಳಿಸುವುದು ವಾಡಿಕೆಯಾಗಿದೆ. ‘ಬಾರಪ್ಪ, ನಮ್ಮ ಜೊತೆಗೇ ಕೂತ್ಕೊ’ ಎಂದು ಕರೆಯಲು ಎಷ್ಟು ಖರ್ಚಾಗುತ್ತದೆ? ಮಕ್ಕಳು ಅದನ್ನು ನೋಡುತ್ತಿರುತ್ತಾರೆ. ಕ್ಷೇತ್ರದಲ್ಲಿ ಕೇಳಿದ ಪ್ರವಚನವನ್ನು ಅವರು ಮರೆತಾರು. ಹೋಟೆಲಿನಲ್ಲಿ ಕಂಡ ಈ ನಡತೆಯನ್ನು ಮರೆಯಲಾರರು.

ಬಡಿಸುವ ಹುಡುಗರನ್ನು ‘ಏಯ್’ ಎಂದು ಕೂಗುವುದನ್ನು ಬಿಡಬೇಕು. ತಮ್ಮ ಎನ್ನಿ, ಅಪ್ಪ ಎನ್ನಿ. ಆತನ ಮುಖ ನೋಡಿ ವಯಸ್ಸನ್ನು ಅಂದಾಜು ಮಾಡಿ. ೨೦೦೬ರ ಅಕ್ಟೋಬರ್ ೧೦ರಿಂದ ಹೋಟೆಲು, ಢಾಬಾಗಳಲ್ಲಿಯೂ ಮನೆಗೆಲಸದಲ್ಲಿಯೂ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ನಿಷಿದ್ಧವಾಗಿದೆ. ೨೦೧೬ರ ತಿದ್ದುಪಡಿ ಆ ನಿಷೇಧವನ್ನು ಬಹುಮಟ್ಟಿಗೆ ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಅಂಥ ಎಳೆಯ ಕೈ ತಂದಿಟ್ಟ ಇಡ್ಲಿ ಎಷ್ಟು ಮೆತ್ತಗಿದ್ದರೇನು? ಗಲ್ಲಾದ ಮುಂದೆ ನಿಂತು ಮಾಲೀಕರನ್ನು ಮೆಲುದನಿಯಲ್ಲಿ ಒಂದು ಮಾತು ಕೇಳುವುದು ಗಿರಾಕಿಯ ಹಕ್ಕೂ ಹೌದು, ಕರ್ತವ್ಯವೂ ಹೌದು.

ಎಲೆಯಲ್ಲಿ ಬಿಡುವ ಅನ್ನದ ಮಾತನ್ನೂ ಹೇಳದಿರಲಾಗದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬನ್ನಿರೆಂದು ಸತಿ ಲಕ್ಕಮ್ಮನವರು ಹೇಳಿದ ಕಥೆ ನಮ್ಮ ಮನೆಯ ಮಕ್ಕಳಿಗೆಲ್ಲ ತಿಳಿದಿದೆ. ನಾಳೆಗೆಂದು ಒಂದು ಹಿಡಿ ಅಕ್ಕಿಯನ್ನು ಇಟ್ಟುಕೊಳ್ಳುವುದೂ ಆಕೆಗೆ ಸಹ್ಯವಾಗಲಿಲ್ಲ. ಆಕೆಯ ಹೆಸರಿನ ಜಯಂತಿ ಆಚರಿಸುವ ನಾವು, ನಾಲ್ವರು ಕುಳಿತ ಮೇಜಿಗೆ ಏಳು ಜನರ ಊಟ ತರಿಸಿ ಅರ್ಧ ಬಿಟ್ಟು ಏಳಬಹುದೇ? ಮೊದಲು ಕಡಿಮೆ ಹೇಳಿ, ಸಾಲದಿ­ದ್ದರೆ ಮತ್ತೆ ತರಿಸಿಕೊಂಡರಾಯಿತು. ಮಿಕ್ಕ ರೊಟ್ಟಿಯನ್ನು ಕಟ್ಟಿಸಿಕೊಂಡು ಹೊರಡುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ; ನಮ್ಮ ಹಿರಿಯರ ಬುತ್ತಿಯ ಸಂಪ್ರದಾಯವೇ ಅದು.

ಇಷ್ಟು ಹೇಳಿದ್ದರಿಂದ ಹೋಟೆಲಿನ ಊಟವನ್ನೇ ನಿತ್ಯದ ಊಟ ಮಾಡಿಕೊಳ್ಳಿರೆಂದು ಯಾರೂ ಭಾವಿಸಬಾರದು. ವಾರಕ್ಕೆ ಮೂರು ಸಲ ಹೊರಗೆ ತಿಂದರೆ ಜೇಬಿಗೂ ಕೇಡು, ಜಠರಕ್ಕೂ ಕೇಡು. ಎಣ್ಣೆ, ಬೆಣ್ಣೆ, ಸಕ್ಕರೆಗಳ ಮಿತಿಯನ್ನು ಮನೆಯ ತಾಯಿಯಷ್ಟು ಮುತುವರ್ಜಿಯಿಂದ ನೋಡಿಕೊಳ್ಳುವವರು ಪೇಟೆಯಲ್ಲಿಲ್ಲ. ಮುದ್ದೆ ಸಾರನ್ನು ಮರೆತ ಮಗುವಿಗೆ ಬೆಣ್ಣೆದೋಸೆಯ ಬೆಲೆಯೂ ತಿಳಿಯದು. ಆದರೆ ತಿಂಗಳಿಗೊಮ್ಮೆಯೋ ಯಾತ್ರೆಗೊಮ್ಮೆಯೋ ಮನೆಯ ಗೃಹಿಣಿಗೆ ಒಲೆಯಿಂದ ಬಿಡುವು ಕೊಟ್ಟು, ಆಕೆಯನ್ನೂ ಪರದೆಯಿಲ್ಲದ ಮೇಜಿನ ಬಳಿ ಕೂರಿಸಿ, ‘ನಿನಗೇನು ಬೇಕು’ ಎಂದು ಮೊದಲು ಆಕೆಯನ್ನೇ ಕೇಳುವುದು ಒಳ್ಳೆಯ ಪದ್ಧತಿ. ವರ್ಷವಿಡೀ ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬಳೇ ಉಣ್ಣುವ ಜೀವ ಅದು. ಸಹಪಂಕ್ತಿಯ ಮೊದಲ ಪಾಠವೂ ಅಲ್ಲಿಂದಲೇ ಆರಂಭವಾಗಬೇಕು: ಮನೆಯೊಳಗೇ ಕೊನೆಯ ಎಲೆ ಆಕೆಯದಾಗಬಾರದು.

ಮುಂದಿನ ದಿನಗಳಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆಗಳ ಕಾಲ ಬರುತ್ತದೆ. ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಎಲೆ ಹಾಕುವಾಗ ಒಂದೇ ಸಾಲು ಹಾಕಿ. ಚಪ್ಪರ ಕಟ್ಟಿದವರು, ಓಲಗದವರು, ಸೌದೆ ಸೀಳಿದವರು, ಪಾತ್ರೆ ತೊಳೆಯುವವರು, ಕೊಬ್ಬರಿ ಸುಲಿಯುವವರು ಎಲ್ಲರನ್ನೂ ಆ ಸಾಲಿನಲ್ಲಿಯೇ ಕರೆದು ಕೂರಿಸಿ. ಮನೆಯ ಯಜಮಾನರು ಅವರ ನಡುವೆ ಕುಳಿತು ಉಣ್ಣಲಿ. ನಗರದ ಹೋಟೆಲಿನಲ್ಲಿ ನಾವು ದುಡ್ಡು ಕೊಟ್ಟು ಕಲಿತದ್ದನ್ನು ಊರಿನ ನಮ್ಮ ಮನೆಯಲ್ಲಿ ದುಡ್ಡಿಲ್ಲದೆ ಆಚರಿಸೋಣ. ದಾಸೋಹವೆಂಬ ಮಾತಿಗೆ ಅದಕ್ಕಿಂತ ಸರಳವಾದ ಅರ್ಥ ಬೇರೆ ಇಲ್ಲ.